ಹುಚ್ಚೆಳ್ಳು ಹಾಕಿದ ಕಳಲೆ

ಆ ಮನುಷ್ಯ ಸತ್ತ ದಿನ ನಾನು ಹೋಳಿಗೆ ಮಾಡಿದೆ. ಎಂಬತ್ತರ ದಶಕದ ಮಾತು. ಕಡೂರಿನಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವಂತೆ. ಹೆಣಕ್ಕೆ ಬಾವುಟ ಹೊದಿಸಿ, ಪೊಲೀಸರು ಬಂದೂಕು ಹಾರಿಸಿ, ಯಾರೋ ದೊಡ್ಡವರು ಬಂದು ಭಾಷಣ ಮಾಡಿ ಕಣ್ಣೊರೆಸಿಕೊಂಡರಂತೆ. ನಾನು ಅಜ್ಜಂಪುರದ ನಮ್ಮ ಮನೆಯ ಹಿತ್ತಲಲ್ಲಿ ಒರಳಿನ ಮುಂದೆ ಕೂತು ಹೂರಣ ರುಬ್ಬುತ್ತಿದ್ದೆ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ, "ಇವತ್ತೇನು ಹಬ್ಬ ಟೀಚರಮ್ಮ?" ಎಂದಳು. "ನಮ್ಮನೆ ಹಬ್ಬ ಕಣಮ್ಮ. ನಿಮ್ಮ ಕ್ಯಾಲೆಂಡರಲ್ಲಿ ಇರಲ್ಲ" ಎಂದೆ. ಅವಳ ಮನೆಗೂ ನಾಲ್ಕು ಕಳಿಸಿದೆ, ತುಪ್ಪ ಸುರಿದು.

ಸತ್ತವರ ವಿಷಯದಲ್ಲಿ ಹೀಗೆಲ್ಲ ಬರೆಯಬಾರದು ಎನ್ನುವವರು ಎನ್ನಲಿ. ಸತ್ತ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗಿಬಿಡುತ್ತಾನೆಯೇ? ಊರೆಲ್ಲ ಅವನನ್ನು "ಯಜಮಾನ್ರು" ಎನ್ನುತ್ತಿತ್ತು. ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ, ತೆಂಗಿನ ತೋಟಗಳಿದ್ದವು, ಸ್ವಾತಂತ್ರ್ಯ ಹೋರಾಟಗಾರ ಎಂದು ತಾಮ್ರಪತ್ರ ಸಿಕ್ಕಿತ್ತು. ಅವನನ್ನು "ಅವರು" ಎಂದು ಬರೆಯಲು ಮಾತ್ರ ನನ್ನ ಕೈ ಬರುವುದಿಲ್ಲ. ನಲವತ್ತೆರಡರ ಚಳವಳಿಯಲ್ಲಿ ನನ್ನ ಅಪ್ಪನನ್ನು ಪೊಲೀಸರಿಗೆ ಹಿಡಿದುಕೊಟ್ಟವನು ಅವನು. ಹಿಡಿದುಕೊಟ್ಟದ್ದು ಸಾಲದು ಎಂದು ಆ ಪಾಪವನ್ನು ನನ್ನ ಅತ್ತೆಯ ತಲೆಗೆ ಕಟ್ಟಿದವನೂ ಅವನೇ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ಅಪ್ಪ ಜೈಲಿನಲ್ಲಿ ಏಟು ತಿಂದು, ಜ್ವರ ಬಂದು ಸತ್ತಾಗ ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. ನನ್ನನ್ನು ಹೆತ್ತು ಅಮ್ಮನೂ ಹೋದಳು. ಅತ್ತೆ ಶಾವಿಗೆ ಹೊಸೆದು, ಸಂಡಿಗೆ ಇಟ್ಟು, ಬೀರೂರಿನ ರೈಲಿನವರ ಮನೆಗಳಿಗೆ ಹೊತ್ತು ಮಾರಿ ನನ್ನನ್ನು ಓದಿಸಿದಳು. ನಮ್ಮೂರಿನಲ್ಲಿ ಅವಳ ಶಾವಿಗೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. "ಪೊಲೀಸ್ ಬಂಗಲೆಯವಳು" ಎನ್ನುತ್ತಿದ್ದರು. ಅದಕ್ಕಿಂತ ಕೆಟ್ಟ ಮಾತುಗಳೂ ಇದ್ದವು, ಅವನ್ನೆಲ್ಲ ಬಾವಿಕಟ್ಟೆಯಲ್ಲಿ ಕೇಳಿಕೊಂಡೇ ನಾನು ಬೆಳೆದೆ.

ನಾನು ನಮ್ಮೂರ ಸ್ಕೂಲಿನಲ್ಲೇ ಟೀಚರಾದೆ. ಚೌಳಹಿರಿಯೂರಿನ ಕಡೆಯಿಂದ ಒಂದು ಗಂಡಿನ ಮನೆಯವರು ನೋಡಲು ಬಂದಿದ್ದರು. ಒಳ್ಳೆಯ ಜನ. ಉಪ್ಪಿಟ್ಟು ತಿಂದು, ಹುಡುಗಿ ಒಪ್ಪಿಗೆ ಎಂದು ಹೇಳಿ, ಎಲೆಅಡಿಕೆ ಹಾಕಿಕೊಂಡು ಹೋದರು. ಹೋಗುವಾಗ ಕಡೂರಿನಲ್ಲಿ ಅವನ ಮಂಡಿಯಲ್ಲಿ ಕೂತು ನಮ್ಮ ಮನೆತನ ವಿಚಾರಿಸಿದರಂತೆ. ಅಷ್ಟೇ, ತಿರುಗಿ ಬರಲಿಲ್ಲ. ಆಮೇಲೆ ಇನ್ನೊಂದು ಮನೆಯವರು ಬಂದರು, ಅವರೂ ಅಷ್ಟೇ. ಮೂರನೆಯವರಿಗೆ ನಾನೇ ಬರಬೇಡಿ ಎಂದು ಹೇಳಿ ಕಳಿಸಿದೆ.

ಇಷ್ಟೆಲ್ಲ ಆದರೂ ಪ್ರತಿ ಆಗಸ್ಟ್ ಹದಿನೈದಕ್ಕೆ ನಾನು ಮಕ್ಕಳ ಸಾಲಿನ ಪಕ್ಕ ಕೈಕಟ್ಟಿ ನಿಂತು ಅವನ ಭಾಷಣ ಕೇಳಬೇಕಿತ್ತು. ನಮ್ಮ ಸ್ಕೂಲಿಗೆ ಅವನೇ ಮುಖ್ಯ ಅತಿಥಿ. ಇಸ್ತ್ರಿ ಮಾಡಿದ ಖಾದಿ, ಹಣೆಯ ತುಂಬ ವಿಭೂತಿ, ಗಂಟಲು ಮಾತ್ರ ತುತ್ತೂರಿ. "ಆ ದಿನ ನಾನು ಕೆಮ್ಮಣ್ಣುಗುಂಡಿಯ ಕಾಡಿನಲ್ಲಿ ಜಿಗಣೆ ಕಚ್ಚಿಸಿಕೊಂಡು, ಒಂದು ತುತ್ತು ಅನ್ನ ಕಾಣದೆ ಅಲೆಯುತ್ತಿದ್ದೆ ಮಕ್ಕಳೇ! ತರೀಕೆರೆಯಲ್ಲಿ ನನ್ನ ಸಂಗಾತಿಗಳನ್ನು ಹಿಡಿದರು. ಹಿಡಿದುಕೊಟ್ಟವಳು ನಮ್ಮವಳೇ ಒಬ್ಬ ಹೆಂಗಸು. ಅವಳ ಹೆಸರು ಹೇಳಿ ಈ ಪವಿತ್ರ ವೇದಿಕೆಯನ್ನು ಮೈಲಿಗೆ ಮಾಡುವುದಿಲ್ಲ." ಹೆಸರು ಹೇಳುವ ಅಗತ್ಯವಾದರೂ ಏನಿತ್ತು? ಹಿರಿಯರೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು.

ಒಂದು ವರ್ಷ ಮನೆಗೆ ಬಂದು ಚಪ್ಪಲಿ ಎಸೆದು ಕೂಗಾಡಿದೆ. "ಮುಂದಿನ ಸಲ ಎದ್ದು ನಿಂತು ಅವನ ಮುಖಕ್ಕೆ ಉಗೀತೀನಿ ಅತ್ತೆ. ಕೆಲಸ ಹೋದ್ರೆ ಹೋಗ್ಲಿ."

ಅತ್ತೆ ಶಾವಿಗೆ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಉಗಿದ್ರೆ ಒರೆಸ್ಕೋತಾನೆ. ಬಂಗಲೆಯೋಳ ಸೊಸೆ ಬುದ್ಧಿ ತೋರಿಸಿದ್ಲು ಅಂತ ಊರು ನಿನ್ನನ್ನೇ ಬೈಯುತ್ತೆ. ನಾನು ಹೇಳಿದ್ರೆ ಯಾರೂ ನಂಬಲ್ಲ ಕಣೇ. ಅವನು ತನ್ನ ಬಾಯಾರೆ ಹೇಳ್ಬೇಕು, ಅದೂ ಇದೇ ಊರ ಜನರ ಮುಂದೆ. ಅಲ್ಲೀವರೆಗೂ ನಾನು ಸಾಯಲ್ಲ."

ಅವತ್ತೇ ಅವಳು ನನಗೆ ಮೊದಲ ಸಲ ವಿವರವಾಗಿ ಹೇಳಿದ್ದು.

ತರೀಕೆರೆಯಲ್ಲಿ ಕೆರೆಯ ಹತ್ತಿರ ಆಗ ಒಂದು ಸರ್ಕಾರಿ ಬಂಗಲೆ ಇತ್ತು. ಚಳವಳಿಯ ಹುಡುಗರನ್ನು ಹಿಡಿಯಲೆಂದು ಬಂದ ಇನ್ಸ್‌ಪೆಕ್ಟರ್ ಅಲ್ಲೇ ಬೀಡುಬಿಟ್ಟಿದ್ದ. ಪಟ್ಟಣದವನು, ಮಾಂಸ ಮುಟ್ಟದವನು, ಅಡುಗೆಗೆ ಜನ ಬೇಕಿತ್ತು. ಅತ್ತೆ ಹೋಗಿ ಸೇರಿಕೊಂಡಳು. ಸೇರಿಸಿದ್ದು ನನ್ನ ಅಪ್ಪನೇ. ಟೆಲಿಗ್ರಾಫ್ ತಂತಿ ಕತ್ತರಿಸುವುದು, ಪತ್ರಿಕೆ ಹಂಚುವುದು ಎಲ್ಲ ಅಪ್ಪನ ಗುಂಪಿನ ಕೆಲಸ. ಕೆರೆ ಏರಿಯ ಆಚೆ ಒಂದು ಪಾಳು ಮಂಟಪದಲ್ಲಿ ಅವರು ಅಡಗಿರುತ್ತಿದ್ದರು. ಬಂಗಲೆಗೆ ಅಷ್ಟು ಹತ್ತಿರ ಯಾರೂ ಹುಡುಕುವುದಿಲ್ಲ ಎಂಬ ಧೈರ್ಯ.

"ನೀನು ಗೂಢಚಾರಿಣಿ ಆಗಿದ್ದೆ ಅನ್ನು" ಎಂದೆ ನಾನು, ಪಾಠದ ಪುಸ್ತಕದ ಮಾತಿನಲ್ಲಿ.

"ಅಂಥ ದೊಡ್ಡ ಹೆಸರೆಲ್ಲ ನಂಗೆ ಗೊತ್ತಿಲ್ಲಮ್ಮ. ಒಲೆ ಮೇಲೆ ಕಣ್ಣು ಇಟ್ಕೊಂಡು, ಕಿವಿ ಮಾತ್ರ ನಡುಮನೇಲಿ ಬಿಟ್ಟಿರ್ತಿದ್ದೆ. ಅಡುಗೆಯೋಳಿಗೂ ಕಿವಿ ಇರುತ್ತೆ ಅಂತ ಆ ಗಂಡಸರಿಗೆ ಹೊಳೀಲೇ ಇಲ್ಲ."

ಪೊಲೀಸರು ಹೊರಡುವ ಸುಳಿವು ಸಿಕ್ಕಿದರೆ ಅತ್ತೆ ಬಂಗಲೆಯ ಹಿತ್ತಲಿಗೆ ಹೋಗಿ ಒಣಮೆಣಸಿನಕಾಯಿ ಕುಟ್ಟಲು ಶುರು ಮಾಡುತ್ತಿದ್ದಳು. ಒನಕೆಯ ಸದ್ದು ಕೆರೆ ಏರಿ ದಾಟಿ ಕೇಳಿಸುತ್ತಿತ್ತು. ಹುಡುಗರು ಎದ್ದು ತೋಟದ ಕಡೆ ಓಡುತ್ತಿದ್ದರು. ಇತ್ತ ಕಾನ್‌ಸ್ಟೇಬಲ್‌ಗಳು ಘಾಟಿಗೆ ಕೆಮ್ಮಿ, ಸೀನಿ, ಕಣ್ಣಲ್ಲಿ ನೀರು ಸುರಿಸುತ್ತ, "ಏನಮ್ಮಾ, ನಮ್ಮನ್ನ ಸಾಯಿಸ್ಬೇಕು ಅಂತಿದೀಯಾ?" ಎಂದು ಬೈಯುತ್ತಿದ್ದರು. "ನಿಮ್ಮ ಸಾಹೇಬ್ರಿಗೆ ಖಾರ ಬೇಕಲ್ಲಪ್ಪಾ" ಎನ್ನುತ್ತಿದ್ದಳಂತೆ ಇವಳು. ಇದನ್ನು ಹೇಳುವಾಗ ಅತ್ತೆ ನಕ್ಕುಬಿಟ್ಟಳು.

ಈ ಗುಟ್ಟು ಅಕ್ಕ ತಮ್ಮ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಸಂಗಾತಿಗಳಿಗೆ ಅಪ್ಪ ಕಾರಣ ಹೇಳದೆ "ಏಳ್ರೋ" ಎಂದು ಎಬ್ಬಿಸುತ್ತಿದ್ದ. ಬಂಗಲೆಯವರಿಗೆ ಅನುಮಾನ ಬಾರದ ಹಾಗೆ ಇಬ್ಬರೂ ಸೇರಿ ಒಂದು ನಾಟಕ ಕಟ್ಟಿದ್ದರು. ತರೀಕೆರೆಯ ಸಂತೆಯಲ್ಲಿ, ಜನ ಕಿಕ್ಕಿರಿದಿರುವಾಗ, ಅಪ್ಪ ಇವಳನ್ನು ಅಡ್ಡಗಟ್ಟಿ, "ಅನ್ನಕ್ಕೋಸ್ಕರ ಪೊಲೀಸರ ಬಾಗಿಲು ಕಾಯೋಳು ನಂಗೆ ಅಕ್ಕ ಅಲ್ಲ. ಇವತ್ತಿಗೆ ನನ್ನ ಪಾಲಿಗೆ ಸತ್ತೆ ನೀನು" ಎಂದು ಉಗಿದ. ಆ ಮಾತನ್ನು ಹಿಂದಿನ ದಿನ ಮನೆಯಲ್ಲಿ ಕೂತು ಅವನಿಗೆ ಕಲಿಸಿಕೊಟ್ಟವಳು ಅತ್ತೆಯೇ. "ಬೈಯೋಕೂ ಬರಲ್ಲ ನಿಂಗೆ, ಇನ್ನೂ ಜೋರಾಗಿ ಬೈಯೋ ದಡ್ಡಾ" ಎಂದಿದ್ದಳಂತೆ.

ಆ ಬೈಗುಳ ಊರಿನವರ ಮನಸ್ಸಿನಲ್ಲಿ ಹಾಗೇ ಕೂತುಬಿಟ್ಟಿತು. ಅದು ನಾಟಕ ಎಂದು ಹೇಳಬೇಕಾದವನು ಜೈಲಿನಲ್ಲಿ ಸತ್ತುಹೋದ. ಯಜಮಾನನಿಗೆ ಅಷ್ಟೇ ಸಾಕಾಯಿತು. "ಸ್ವಂತ ತಮ್ಮನೇ ಸಂತೇಲಿ ಉಗಿದಿದ್ನಲ್ಲ, ಇನ್ನೇನು ಸಾಕ್ಷಿ ಬೇಕು?" ಎಂದು ಊರೂರಿಗೆ ಸಾರಿದ.

"ಇವನೇ ಹಿಡಿದುಕೊಟ್ಟಿದ್ದು ಅಂತ ನಿಂಗೆ ಹೇಗೆ ಗೊತ್ತು?" ಎಂದು ನಾನು ಕೇಳಿದೆ.

"ಗೊತ್ತು" ಎಂದಳು. ಅವತ್ತು ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮುಂದಿನ ವರ್ಷ ಅವನ ಮೊಮ್ಮಗಳಿಗೆ ಹಿಂದಿ ಪರೀಕ್ಷೆಗೆ ಪಾಠ ಹೇಳಿಕೊಡಲು ಟೀಚರ್ ಬೇಕಾದರು. ಅವನು ನನ್ನನ್ನೇ ಕರೆಸಿದ. "ಮನೆಯವರು ಮಾಡಿದ ತಪ್ಪಿಗೆ ಈ ಹುಡುಗಿ ಏನು ಮಾಡ್ಯಾಳು, ಪಾಪ" ಎಂದು ಹತ್ತು ಜನರ ಎದುರು ದೊಡ್ಡತನ ತೋರಿಸಿದ. ನನ್ನ ಮೈಯೆಲ್ಲ ಉರಿಯಿತು. ಆಗಲ್ಲ ಎಂದು ಹೇಳಿ ಮನೆಗೆ ಬಂದರೆ ಅತ್ತೆ ನನ್ನ ಮೇಲೇ ರೇಗಿದಳು. "ಥೂ, ಮಂಕೇ! ಅವನೇ ಬಾಗಿಲು ತೆಗೆದು ಒಳಗೆ ಬಾ ಅಂತಿದಾನೆ. ಹೋಗು. ಏನು ಉಣ್ತಾನೆ, ಏನು ಆಡ್ತಾನೆ, ಎಲ್ಲ ನೋಡ್ಕೊಂಡು ಬಾ. ಮುಖದ ಮೇಲೆ ಮಾತ್ರ ಏನೂ ಕಾಣಿಸ್ಬಾರ್ದು."

ಹೀಗೆ ಭಾನುವಾರಗಳಂದು ನಾನು ಬೀರೂರಿಗೆ ರೈಲು ಹತ್ತಿ, ಅಲ್ಲಿಂದ ಬಸ್ಸಿನಲ್ಲಿ ಕಡೂರಿಗೆ ಹೋಗತೊಡಗಿದೆ. ಹುಡುಗಿ ಚುರುಕಾಗಿದ್ದಳು. ಅವನ ಹೆಂಡತಿಯೂ ಒಳ್ಳೆಯ ಹೆಂಗಸೇ, ಮಾತಿನ ಮಲ್ಲಿ. ಅವಳಿಂದ ನನಗೇನೂ ಕೇಡಾಗಿಲ್ಲ, ಅವಳ ಕೈಯ ಕಾಫಿ ಈಗಲೂ ನೆನಪಿದೆ. ಮನೆಗೆ ಬಂದು ನೋಡಿದ್ದೆಲ್ಲ ಅತ್ತೆಗೆ ಒಪ್ಪಿಸುತ್ತಿದ್ದೆ. ಯಜಮಾನನಿಗೆ ಈಗಲೂ ಹಳೆಯ ನೇಮ, ಉಂಡ ತಟ್ಟೆ ತೊಳೆದು ನೀರು ಕುಡಿಯುತ್ತಾನೆ ಎಂದೆ. ನಮ್ಮಲ್ಲಿ ಹಿಂದಿನ ಕಾಲದವರು ಹಾಗೆ ಮಾಡುತ್ತಾರೆ. ಉಂಡದ್ದು ಪ್ರಸಾದ, ಒಂದು ಅಗುಳೂ ಚರಂಡಿ ಸೇರಬಾರದು ಎಂದು ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದು, ಹೆಗಲ ಮೇಲಿನ ವಸ್ತ್ರದಿಂದ ತಟ್ಟೆ ಒರೆಸಿಡುತ್ತಾರೆ. "ಗುರುಗಳು ಲಿಂಗ ಕಟ್ಟಿದಾಗಿಂದ ಒಂದು ಹೊತ್ತೂ ತಪ್ಪಿಸಿಲ್ಲ ಅಂತ ಮೊಮ್ಮಕ್ಕಳ ಹತ್ರ ಜಂಬ ಕೊಚ್ಕೋತಾನೆ" ಎಂದೆ. ಅತ್ತೆ ಹೂಂ ಎಂದಳು.

ಮಳೆಗಾಲ ಹಿಡಿದಾಗ ಒಂದು ಭಾನುವಾರ ಅವನ ಹೆಂಡತಿ ಹಿತ್ತಲಲ್ಲಿ ಕಳಲೆ ಹೆಚ್ಚುತ್ತ ಕೂತಿದ್ದಳು. ಎಳೆ ಬಿದಿರಿನ ಮೊಳಕೆ ಅದು. ಮಲೆ ಕಡೆಯವರು ತಿನ್ನುತ್ತಾರೆ. ನಮ್ಮ ಬಯಲು ಸೀಮೆಯಲ್ಲಿ ಅದರ ವಾಸನೆಯೇ ಆಗದು.

"ನೀವೂ ಇದನ್ನ ಮಾಡ್ತೀರಾ ಅಮ್ಮ?" ಎಂದೆ.

"ಅಯ್ಯೋ, ನಮ್ಮ ಕಡೆ ಇದೆಲ್ಲಿ ಟೀಚರಮ್ಮ! ಇವರ ಕಾಟ. ಪ್ರತಿ ಮಳೆಗಾಲ ತರೀಕೆರೆಯಿಂದ ತರಿಸ್ತಾರೆ. ಹುಚ್ಚೆಳ್ಳು ಪುಡಿ ಹಾಕಿ ಮಾಡು ಅಂತಾರೆ. ಕಳಲೆಗೆ ಯಾರಾದ್ರೂ ಹುಚ್ಚೆಳ್ಳು ಹಾಕ್ತಾರೇನಮ್ಮ? ಹೆಂಗೆ ಮಾಡಿದ್ರೂ 'ಇದಲ್ಲ, ಆ ರುಚಿ ಅಲ್ಲ' ಅಂತಾರೆ. ಎಲ್ಲಿ ತಿಂದಿದ್ರೋ, ಯಾವ ಮಹಾತಾಯಿ ಮಾಡಿದ್ಲೋ, ಕೇಳಿದ್ರೆ ಬಾಯಿ ಬಿಡಲ್ಲ."

ನನಗೆ ಅದು ಬರೀ ತಮಾಷೆ ಅನ್ನಿಸಿತ್ತು. ಸಂಜೆ ಅತ್ತೆಗೆ ನಗುತ್ತಲೇ ಹೇಳಿದೆ. ಅವಳ ಕೈ ಹಿಟ್ಟಿನಲ್ಲೇ ನಿಂತಿತು.

"ಇನ್ನೊಂದು ಸಲ ಹೇಳೇ" ಎಂದಳು. ಹೇಳಿದೆ. "ಹುಚ್ಚೆಳ್ಳು ಅಂದ್ಲಾ? ಅವಳ ಬಾಯಲ್ಲೇ ಬಂತಾ?"

"ಹೂಂ ಅತ್ತೆ. ಯಾಕೆ?"

"ಆ ಮಹಾತಾಯಿ ನಾನೇ ಕಣೇ" ಎಂದಳು.

ಆಮೇಲೆ ಅವಳು ಉಳಿದದ್ದನ್ನು ಹೇಳಿದಳು. ಅಪ್ಪ ಸಿಕ್ಕಿಬಿದ್ದ ದಿನಕ್ಕೆ ಎರಡು ದಿನ ಮೊದಲು ಇನ್ಸ್‌ಪೆಕ್ಟರಿಗೆ ಯಾರೋ ಮಲೆಯಿಂದ ಕಳಲೆ ತಂದುಕೊಟ್ಟಿದ್ದರು. ಹೆಚ್ಚಿ, ನೀರು ಬದಲಾಯಿಸಿ ನೆನೆಸಿಟ್ಟದ್ದು ಸರಿ, ಆ ದಿನ ಪಲ್ಯಕ್ಕೆ ತುರಿದು ಹಾಕಲು ತೆಂಗಿನಕಾಯಿ ಇರಲಿಲ್ಲ. ಜನ್ಮದಲ್ಲಿ ಕಳಲೆ ಮಾಡಿದವಳಲ್ಲ ಇವಳು. ಮನೆಯಿಂದ ಒಯ್ದಿದ್ದ ಹುಚ್ಚೆಳ್ಳು ಪುಡಿಯನ್ನು ಬೆಲ್ಲದ ಚೂರಿನ ಜೊತೆ ಉದುರಿಸಿಬಿಟ್ಟಳು. ಊಟದ ಹೊತ್ತಿಗೆ ಆರ್ಡರ್ಲಿ ಬಂದು, ಸಾಹೇಬರ ಜೊತೆ ಇನ್ನೊಬ್ಬರಿದ್ದಾರೆ, ಒಳಗಿನ ಕೋಣೆಗೆ ಇನ್ನೊಂದು ತಟ್ಟೆ ಹಾಕು ಎಂದ. ಬಾಗಿಲು ಮುಚ್ಚಿತ್ತು. ಬಂದವನ ಮುಖ ಅತ್ತೆಗೆ ಕಾಣಲಿಲ್ಲ. ಅಡುಗೆಯವಳು ಯಾರೆಂದು ಅವನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಆರ್ಡರ್ಲಿ ಮತ್ತೆ ಬಂದು, "ಒಳಗಿನೋರು ಪಲ್ಯ ಇನ್ನೊಂದು ಸಲ ಕೇಳ್ತಾರೆ" ಎಂದ.

"ಖುಷಿ ಆಯ್ತು ಕಣೇ ನಂಗೆ! ಅಡುಗೆ ಮೆಚ್ಚಿಕೊಂಡ್ರು ಅಂತ ಬಟ್ಟಲು ತುಂಬ ಹಾಕಿ ಕಳಿಸಿದೆ. ನನ್ನ ತಮ್ಮನ್ನ ಮಾರೋಕೆ ಬಂದೋನಿಗೆ ಎರಡನೇ ಸಲ ಬಡಿಸಿ ಕಳಿಸ್ದೆನಲ್ಲೇ!" ಅತ್ತೆ ಹಿಟ್ಟಿನ ಕೈಯಲ್ಲೇ ಎದೆ ಎದೆ ಬಡಿದುಕೊಂಡಳು. ಅಷ್ಟು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಊಟ ಮುಗಿದು ತಟ್ಟೆಗಳು ಹಿಂದಕ್ಕೆ ಬಂದವು. ಒಂದು ಎಂಜಲು ತಟ್ಟೆ. ಇನ್ನೊಂದು ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. "ಥೂ, ಆ ಆಸಾಮಿ ತಟ್ಟೆ ತೊಳ್ದು ಅದೇ ನೀರು ಕುಡಿದ್ಬಿಟ್ಟ ಕಣಮ್ಮ" ಎಂದು ಆರ್ಡರ್ಲಿ ಮುಖ ಹಿಂಡಿದ. ಅವನು ಬೇರೆ ಕಡೆಯವನು, ನಮ್ಮ ಪದ್ಧತಿ ಕಂಡವನಲ್ಲ. ಅತ್ತೆ ಆ ತಟ್ಟೆಯನ್ನೇ ಕೈಗೆತ್ತಿಕೊಂಡು ನೋಡಿದಳು. ಅವಳನ್ನು ಬಿಟ್ಟರೆ ಮಂಟಪದ ಗುಟ್ಟು ಗೊತ್ತಿದ್ದವರು ನಾಲ್ಕೇ ಜನ. ನನ್ನ ಅಪ್ಪ, ಒಬ್ಬ ಸಾಬರ ಹುಡುಗ, ಒಬ್ಬ ಬ್ರಾಹ್ಮಣರ ಹುಡುಗ, ಮತ್ತೆ ಇವನು. ಲಿಂಗ ಕಟ್ಟಿದವರು ಅಪ್ಪ ಮತ್ತು ಇವನು ಇಬ್ಬರೇ. ಅತ್ತೆ ಹಿತ್ತಲಿಗೆ ಓಡಿ ಒನಕೆ ಎತ್ತುವಷ್ಟರಲ್ಲಿ ವ್ಯಾನು ಹೊರಟುಹೋಗಿತ್ತು. ಆದರೂ ಕುಟ್ಟಿದಳಂತೆ. ಅಂಗೈ ಬೊಬ್ಬೆ ಬಂದು ಒಡೆಯುವವರೆಗೆ, ಮೆಣಸಿನಕಾಯಿ ಧೂಳಾಗಿ ಹಾರುವವರೆಗೆ ಕುಟ್ಟಿದಳಂತೆ. ಮಂಟಪದಲ್ಲಿ ಅಷ್ಟು ಹೊತ್ತಿಗೆ ಮೂವರ ಕೈಗೂ ಬೇಡಿ ಬಿದ್ದಿತ್ತು.

ಕಣ್ಣೊರೆಸಿಕೊಂಡು ಅತ್ತೆ ಕೇಳಿದಳು: "ಈ ಸಲ ಆಗಸ್ಟ್ ಹದಿನೈದಕ್ಕೆ ನಿಮ್ಮ ಸ್ಕೂಲಲ್ಲಿ ಊಟ ಇದೆ ಅಂದಿದ್ಯಲ್ಲ, ಅಡುಗೆಗೆ ಯಾರು?"

ನಮ್ಮ ಹೆಡ್‌ಮಾಸ್ಟರು ಆ ವರ್ಷವಷ್ಟೇ ದೂರದಿಂದ ವರ್ಗವಾಗಿ ಬಂದವರು. ಊರ ಹಳೇ ಕಥೆ ಅವರಿಗೆ ಗೊತ್ತಿರಲಿಲ್ಲ. ನಮ್ಮತ್ತೆ ಚೆನ್ನಾಗಿ ಮಾಡುತ್ತಾಳೆ ಎಂದೆ, ಒಪ್ಪಿಕೊಂಡರು. ಯಾರ ಅಡುಗೆ ಎಂದು ಅತಿಥಿಗಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಜನ ಯಾವತ್ತು ಅಡುಗೆಮನೆ ಕಡೆ ತಿರುಗಿ ನೋಡಿದ್ದಾರೆ? ನಾನು ತರೀಕೆರೆಗೆ ಹೋಗಿ ಕಳಲೆ ತಂದೆ. ಅತ್ತೆ ಅದನ್ನು ಹೆಚ್ಚಿ ನೆನೆಹಾಕಿ, ದಿನವೂ ನೀರು ಬದಲಾಯಿಸಿದಳು. ಬಾಳೆಎಲೆಗೆ ಹೇಳಲು ಹೊರಟಾಗ ಮಾತ್ರ ತಡೆದಳು. "ಎಲೆ ಬೇಡ. ಮಠದಿಂದ ಸ್ಟೀಲ್ ತಟ್ಟೆ ತರಿಸು."

"ಹಬ್ಬದ ಊಟಕ್ಕೆ ಎಲೆ ಲಕ್ಷಣ ಅಲ್ವಾ ಅತ್ತೆ?"

"ಎಲೆ ತೊಳ್ದು ನೀರು ಕುಡಿಯೋಕೆ ಆಗುತ್ತೇನೇ?" ಎಂದಳು. ನಾನು ಮಠದ ದಾರಿ ಹಿಡಿದೆ.

ಆ ಹದಿನೈದನೇ ತಾರೀಕು ಜಿನುಗುಮಳೆ. ಬಾವುಟ ಹಾರಿತು, ಅದೇ ಭಾಷಣವೂ ಆಯಿತು. ಕೆಮ್ಮಣ್ಣುಗುಂಡಿಯ ಕಾಡು, ಜಿಗಣೆ, ಒಂದು ತುತ್ತು ಅನ್ನ ಕಾಣದ ಹೊಟ್ಟೆ, ವೇದಿಕೆಗೆ ಮೈಲಿಗೆಯಾಗುವ ಹೆಂಗಸು, ಯಾವುದನ್ನೂ ಬಿಡಲಿಲ್ಲ. ಆ ಸಲ ನಾನು ತಲೆ ತಗ್ಗಿಸಲಿಲ್ಲ. ಹೇಳು, ಚೆನ್ನಾಗಿ ಹೇಳು, ಎಲ್ಲರ ಕಿವಿಗೂ ಬೀಳಲಿ ಎಂದುಕೊಂಡೆ.

ದೊಡ್ಡ ಕ್ಲಾಸ್ ರೂಮಿನಲ್ಲಿ ಜಮಖಾನ ಹಾಸಿ ಪಂಕ್ತಿ ಕೂರಿಸಿದೆವು. ನಡುವೆ ಅವನು, ಪಕ್ಕದಲ್ಲಿ ಹೆಡ್‌ಮಾಸ್ಟರು, ಆಚೆ ನಮ್ಮೂರ ಹಳೇ ಪಟೇಲರು, ಉಳಿದ ಹಿರಿಯರು. ಪಟೇಲರು ನಮ್ಮ ಮನೆ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದವರು. ಬಡಿಸಿದ್ದು ನಾನು. ಅತ್ತೆ ಪಕ್ಕದ ಕೋಣೆಯ ಬಾಗಿಲ ಹಿಂದೆ ಇದ್ದಳು.

ಕಳಲೆಯ ಪಲ್ಯ ಬಾಯಿಗಿಟ್ಟ ತಕ್ಷಣ ಅವನು ಅಗಿಯುವುದನ್ನು ನಿಲ್ಲಿಸಿದ. ಕಣ್ಣು ಮುಚ್ಚಿದ. ಗೊತ್ತಾಗಿ ಹೋಯಿತೇನೋ ಎಂದುಕೊಂಡೆ. ಅವನು ಕಣ್ಣು ತೆರೆದು ಮಗುವಿನಂತೆ ನಕ್ಕ.

"ಟೀಚರಮ್ಮ! ಇನ್ನೊಂದು ಸಲ ಹಾಕಮ್ಮ ಇದನ್ನ."

ಹಾಕಿದೆ. "ಅಷ್ಟು ಚೆನ್ನಾಗಿದ್ಯಾ ಸಾರ್?" ಎಂದರು ಹೆಡ್‌ಮಾಸ್ಟರು.

"ಚೆನ್ನಾಗಿದ್ಯಾ ಅಂತ ಕೇಳ್ತೀರಲ್ರೀ! ಇದಕ್ಕೋಸ್ಕರ ಎಷ್ಟು ಮಳೆಗಾಲ ಒದ್ದಾಡಿದ್ದೀನಿ ಗೊತ್ತಾ? ನನ್ನ ಆಯುಸ್ಸಿನಲ್ಲಿ ಇದನ್ನ ಒಂದೇ ಒಂದು ಸಲ ತಿಂದಿದ್ದು. ಅದೇ ರುಚಿ ಕಣ್ರೀ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಎಲ್ಲಿ ಸಾರ್?"

"ತರೀಕೆರೇಲಿ. ನಾವು ಹುಡುಗ್ರಾಗಿದ್ದಾಗ. ಆ ಬಂಗಲೆ ಅಡುಗೆ ಮುಂದೆ ಯಾವ ಮನೆ ಅಡುಗೇನೂ ನಿಲ್ಲಲ್ಲ ಬಿಡಿ." ಬೆರಳು ನೆಕ್ಕಿದ. ಲೋಟದ ನೀರನ್ನು ತಟ್ಟೆಗೆ ಸುರಿದು, ಬೆರಳಾಡಿಸಿ ತೊಳೆದು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿದ.

ಅಷ್ಟರಲ್ಲಿ ಅತ್ತೆ ಪಲ್ಯದ ಬೋಗುಣಿ ಹಿಡಿದುಕೊಂಡು ಹೊರಗೆ ಬಂದಳು. ಪಂಕ್ತಿಯಲ್ಲಿ ಗುಸುಗುಸು ಎದ್ದಿತು. ಪಟೇಲರ ಕೈ ತಟ್ಟೆಯ ಮೇಲೆ ನಿಂತಿತು.

"ಬಂಗಲೆ ಅಡುಗೆ ಅಂದ್ರಲ್ಲ ಯಜಮಾನ್ರೇ, ಯಾವತ್ತು ಉಂಡಿದ್ರಿ?" ಎಂದಳು ಅತ್ತೆ.

ಅವನು ಅವಳ ಮುಖ ನೋಡಿದ, ಬೋಗುಣಿ ನೋಡಿದ. ತುಟಿಯ ಹತ್ತಿರ ಹೋಗಿದ್ದ ತಟ್ಟೆ ಅಲ್ಲೇ ನಿಂತಿತು.

"ಯಾವತ್ತೋ... ಯಾರೋ ಕರೆದಿದ್ರು..."

"ಆ ಬಂಗಲೇಲಿ ಅಡುಗೆ ಮಾಡ್ತಿದ್ದೋಳು ನಾನು. ಇಡೀ ಊರಿಗೆ ಗೊತ್ತಿದೆ, ನೀವೇ ಸಾರಿದ್ದೀರಿ. ಕಳಲೆಗೆ ಹುಚ್ಚೆಳ್ಳು ಹಾಕಿದ್ದು ನನ್ನ ಜನ್ಮದಲ್ಲಿ ಒಂದೇ ಸಲ. ಅವತ್ತು ಕಾಯಿ ಇರಲಿಲ್ಲ. ಅವತ್ತು ಊಟ ಆದ ತಕ್ಷಣ ಇನ್ಸ್‌ಪೆಕ್ಟರು ಮಂಟಪಕ್ಕೆ ಹೋಗಿ ನನ್ನ ತಮ್ಮನ ಕೈಗೆ ಬೇಡಿ ಹಾಕಿದ. ಒಳಕೋಣೇಲಿ ಕೂತು ಉಂಡೋನು ಇನ್ನೊಂದು ಸಲ ಪಲ್ಯ ಕೇಳಿ ಕಳಿಸಿದ. ಈಗ ಕೇಳಿದ್ರಲ್ಲ, ಹಾಗೇ."

"ಸುಳ್ಳು! ಅವತ್ತು ನಾನು ಕಾಡಲ್ಲಿದ್ದೆ. ಈ ಹೆಂಗಸಿನ ಮಾತು ಕಟ್ಕೋಬೇಡಿ. ಅಲ್ಲಿ ಉಂಡೋನು ನಾನೇ ಅನ್ನೋಕೆ ಏನು ಸಾಕ್ಷಿ?"

"ಈಗ ತಾನೇ ಒಂದೇ ಸಲ ತಿಂದಿದ್ದು ಅಂದೋರು ನೀವು. ನಾನು ಮಾಡಿದ್ದೂ ಒಂದೇ ಸಲ." ಅತ್ತೆಯ ಧ್ವನಿ ಒಂದಿಷ್ಟೂ ಏರಲಿಲ್ಲ. "ಸಾಕ್ಷಿ ನಿಮ್ಮ ಕೈಲೇ ಇದೆ. ಆ ಒಳಕೋಣೆಯೋನು ತಟ್ಟೆ ತೊಳ್ದು ನೀರು ಕುಡಿದಿದ್ದ. ಮಂಟಪದ ಗುಟ್ಟು ಗೊತ್ತಿದ್ದ ಹುಡುಗ್ರಲ್ಲಿ ಲಿಂಗ ಕಟ್ಟಿದೋರು ನನ್ನ ತಮ್ಮ, ನೀವು, ಇಬ್ಬರೇ. ಒಂದು ಹೊತ್ತೂ ತಪ್ಪಿಸಿಲ್ಲ ಅಂತೀರಲ್ಲ, ಪ್ರಸಾದ ಅದು, ಕುಡೀರಿ. ನಾವೆಲ್ಲ ನೋಡ್ತೀವಿ."

ಅವನು ತಟ್ಟೆಯೊಳಗಿನ ನೀರು ನೋಡಿದ. ಅದರಲ್ಲಿ ಹುಚ್ಚೆಳ್ಳಿನ ಕಪ್ಪು ತೇಲುತ್ತಿತ್ತು. ಕುಡಿದರೆ ಒಳಕೋಣೆಯವನು ತಾನೇ ಎಂದು ಎಲ್ಲರ ಕಣ್ಣೆದುರು ತೋರಿಸಿಕೊಟ್ಟಂತೆ. ಬಿಟ್ಟರೆ ಗುರು ಕೊಟ್ಟ ನೇಮ ಮುರಿದಂತೆ.

ಪಟೇಲರು ನಿಧಾನವಾಗಿ ಹೇಳಿದರು, "ಕುಡೀರಿ ಯಜಮಾನ್ರೇ. ತಪ್ಪಿಲ್ಲದೋರಿಗೆ ಅದರಲ್ಲಿ ಏನು ಭಯ?"

ಅವನು ಕುಡಿಯಲಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟ. ಇಡುವಾಗ ಅರ್ಧ ನೀರು ಜಮಖಾನದ ಮೇಲೆ ಚೆಲ್ಲಿತು. ಎದ್ದ, ಹೆಗಲ ವಸ್ತ್ರ ಜಾರಿ ಬಿದ್ದದ್ದನ್ನೂ ಎತ್ತಿಕೊಳ್ಳದೆ ಬಾಗಿಲ ಕಡೆ ನಡೆದ. ಹೆಡ್‌ಮಾಸ್ಟರು ಪಿಳಿಪಿಳಿ ನೋಡುತ್ತ ಕೂತರು. ಉಳಿದ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಥ ನೇಮದವನು ಪ್ರಸಾದ ಬಿಟ್ಟು ಎದ್ದ ಎಂದರೆ ಏನು ಅರ್ಥ ಎಂದು ನಮ್ಮವರಲ್ಲಿ ಚಿಕ್ಕ ಮಗುವಿಗೂ ಗೊತ್ತು.

ಪಟೇಲರು ತಟ್ಟೆಯ ಮೇಲಿಂದ ಕೈ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. "ತಂಗೀ, ನಂಗೂ ಸ್ವಲ್ಪ ಪಲ್ಯ ಬಡಿಸಮ್ಮ" ಎಂದರು.

ಅತ್ತೆ ಅವರನ್ನು ನೋಡಿದಳು. ಮೂವತ್ತು ವರ್ಷಕ್ಕೂ ಮೀರಿ ಅವಳ ಎದುರು ಮುಖ ತಿರುಗಿಸಿದವರು ಅವರು.

"ಮುಗೀತು ಪಟೇಲ್ರೇ" ಎಂದಳು. ಬೋಗುಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಲ್ಯವಿತ್ತು. ನನಗೂ ಕಾಣಿಸುತ್ತಿತ್ತು, ಅವರಿಗೂ ಕಾಣಿಸುತ್ತಿತ್ತು. ಅದನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಎಂಥ ಸುಖವಾಯಿತು ನನಗೆ!

ಅವನ ತಾಮ್ರಪತ್ರವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಮೊದಲೇ ಹೇಳಿದೆನಲ್ಲ, ಸತ್ತಾಗ ಬಂದೂಕೂ ಹಾರಿತು. ಆದರೆ ಅಜ್ಜಂಪುರಕ್ಕೆ ಅವನು ಮತ್ತೆ ಕಾಲಿಡಲಿಲ್ಲ. ನಮ್ಮವರ ಮದುವೆ ಮನೆಗಳಲ್ಲಿ ಅವನು ಪಂಕ್ತಿಗೆ ಬಂದರೆ ಪಕ್ಕದವರು ಅವನ ಮುಖ ನೋಡುತ್ತಿರಲಿಲ್ಲವಂತೆ, ತಟ್ಟೆ ನೋಡುತ್ತಿದ್ದರಂತೆ. ಕೊನೆಕೊನೆಗೆ ಅವನು ಹೊರಗೆ ಉಣ್ಣುವುದನ್ನೇ ಬಿಟ್ಟನಂತೆ. ಇದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು, ಈಗಲೂ ಆಗುತ್ತದೆ.

ಆ ದಿನ ಸಂಜೆ ಮಳೆ ಬಿಟ್ಟಿತ್ತು. ನಾನು ಮನೆಗೆ ಪಾತ್ರೆಗಳನ್ನು ಹೊತ್ತು ತರುವಷ್ಟರಲ್ಲಿ ಅತ್ತೆ ಹಿತ್ತಲ ಒರಳನ್ನು ಬೀದಿ ಬಾಗಿಲಿಗೆ ಉರುಳಿಸಿಕೊಂಡು ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒನಕೆ ಎತ್ತಿ, ಒಣಮೆಣಸಿನಕಾಯಿ ಕುಟ್ಟಲು ನಿಂತಳು. ಘಾಟು ಇಡೀ ಬೀದಿಗೆ ಹರಡಿತು. ಎದುರು ಮನೆಯವರು ಕೆಮ್ಮಿದರು, ಪಕ್ಕದ ಮನೆಯವರು ಸೀನಿದರು, ಜಗಲಿಗಳಲ್ಲಿ ಜನ ಸೆರಗು, ಟವೆಲ್ಲು ಮೂಗಿಗೆ ಹಿಡಿದು ನಿಂತರು. ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಒಬ್ಬರೂ ಸಾಕು ನಿಲ್ಲಿಸಮ್ಮ ಎನ್ನಲಿಲ್ಲ.

"ಇನ್ನೂ ಯಾರಿಗೆ ಅತ್ತೆ ಇದು?" ಎಂದೆ. ನನ್ನ ಕಣ್ಣಿನಿಂದಲೂ ನೀರು ಸುರಿಯುತ್ತಿತ್ತು.

"ನಿಮ್ಮಪ್ಪಂಗೆ" ಎಂದಳು, ಒನಕೆ ನಿಲ್ಲಿಸದೆ. "ಇವತ್ತು ಓಡ್ತಿರೋನು ನೀನಲ್ಲ ಕಣೋ ಅಂತ ಅವನಿಗೆ ಕೇಳಿಸ್ಬೇಡ್ವಾ?"